ಸ್ಕ್ಯಾನ್ ಸ್ವಚ್ಛವಾದ ಮೇಲೂ ರೇಡಿಯೇಷನ್ ಯಾಕೆ?

ಮೂಳೆಯ ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಆರು ಸುತ್ತು ಕೀಮೋ ಮುಗಿದು, ಪೆಟ್ ಸ್ಕ್ಯಾನ್‌ನಲ್ಲಿ ರೋಗ ಕಾಣುತ್ತಿಲ್ಲ ಎಂದು ವರದಿ ಬಂದಾಗ ಮನೆಯವರು ಕೇಳುವುದು ಇದನ್ನೇ. ಈಚೆಗೆ ಕೆಲವು ತಜ್ಞರೂ ಕೇಳುತ್ತಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ವಿಕಿರಣದಿಂದ ಮೂಳೆಯ ಬಲ ಕುಗ್ಗಬಹುದು. ವರ್ಷಗಳ ನಂತರ ಅದೇ ಜಾಗದಲ್ಲಿ ಬೇರೊಂದು ಕ್ಯಾನ್ಸರ್ ಹುಟ್ಟುವ ಸಣ್ಣ ಅಪಾಯವೂ ಇದೆ. ರಿಟುಕ್ಸಿಮ್ಯಾಬ್ ಎಂಬ ಔಷಧ ಬಂದ ಮೇಲೆ ಚಿಕಿತ್ಸೆಯ ಶಕ್ತಿ ಹೆಚ್ಚಿರುವುದೂ ನಿಜ. ಆದರೂ ಮೂಳೆಯ ವಿಷಯದಲ್ಲಿ ವಿಕಿರಣ ಬೇಡವೆಂಬ ಮಾತನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ಅಮೆರಿಕದ ಪಾರ್ಕರ್ ಮತ್ತು ಜ್ಯಾಕ್ಸನ್ 1939ರಲ್ಲಿ 17 ರೋಗಿಗಳ ವಿವರ ಮುಂದಿಟ್ಟು, ಈ ರೋಗ ಮೂಳೆಯ ಇತರ ಕ್ಯಾನ್ಸರ್‌ಗಳಂತಲ್ಲ ಎಂದು ಗುರುತಿಸಿದರು. ವಿಕಿರಣಕ್ಕೆ ಇದು ಚೆನ್ನಾಗಿ ಕರಗುತ್ತಿತ್ತು. ದಶಕಗಳ ಕಾಲ ಅದೊಂದನ್ನೇ ನಂಬಿದ್ದರು. ತೊಡೆಯ ಮೂಳೆಯ ಗೆಡ್ಡೆ ಹೋಗುತ್ತಿತ್ತು, ಆದರೆ ರೋಗ ಇನ್ನೊಂದು ಮೂಳೆಯಲ್ಲೋ ದೂರದ ಗ್ರಂಥಿಯಲ್ಲೋ ತಲೆಯೆತ್ತುತ್ತಿತ್ತು. ಅದಕ್ಕೇ 1970ರ ದಶಕದಿಂದ ನಾಲ್ಕು ಔಷಧಗಳ 'ಚಾಪ್' ಕೀಮೋ ಜೊತೆಗೆ ಸೇರಿತು. ಔಷಧ ಮೈಯೆಲ್ಲ ಹುಡುಕುತ್ತದೆ, ವಿಕಿರಣ ರೋಗ ಹುಟ್ಟಿದ ಜಾಗವನ್ನು ಕಾಯುತ್ತದೆ. ಎರಡನ್ನೂ ಹೇಳಿದರೆಂದು ವೈದ್ಯರಿಗೆ ಒಂದರ ಮೇಲೂ ಭರವಸೆಯಿಲ್ಲ ಎಂದುಕೊಳ್ಳುವುದು ಸರಿಯಲ್ಲ.

ರಿಟುಕ್ಸಿಮ್ಯಾಬ್ ಇದ್ದರೆ ಸಾಕು ಎನ್ನುವವರು 2013ರ ಜರ್ಮನ್ ವಿಶ್ಲೇಷಣೆಯನ್ನು ಒಮ್ಮೆ ನೋಡಬೇಕು. ಮೂಳೆಗೆ ರೋಗ ತಗುಲಿದವರಲ್ಲಿ ಆ ಔಷಧದ ಹೆಚ್ಚುವರಿ ಲಾಭ ಕಾಣಲಿಲ್ಲ. ವಿಕಿರಣ ಪಡೆದವರು ಮಾತ್ರ ಉಳಿದವರಿಗಿಂತ ಚೆನ್ನಾಗಿದ್ದರು. ಯಾರಿಗೆ ವಿಕಿರಣ ಎಂದು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಹಾಗಾಗಿ ಅದೇ ಕೊನೆಯ ಮಾತೆಂದು ನಾನು ಹೇಳಲಾರೆ. ಆದರೆ ವಿಕಿರಣ ಬೇಡವೆನ್ನುವವರ ಕೈಯಲ್ಲಿರುವ ಪುರಾವೆಯೂ ಇದಕ್ಕಿಂತ ಗಟ್ಟಿಯಾಗಿಲ್ಲ. ನಾನ್‌ ಹಾಜ್‌ಕಿನ್ ಲಿಂಫೋಮಾದ ನೂರು ರೋಗಿಗಳಲ್ಲಿ ಮೂಳೆಯಲ್ಲೇ ರೋಗ ಹುಟ್ಟಿದವರು ಒಬ್ಬರೋ ಇಬ್ಬರೋ. ಇಷ್ಟು ವಿರಳ ರೋಗದಲ್ಲಿ, ಫಲ ಕೊಟ್ಟ ಚಿಕಿತ್ಸೆಯನ್ನು ಬಿಡಬೇಕೆನ್ನುವವರೇ ಹೆಚ್ಚಿನ ಪುರಾವೆ ಕೊಡಬೇಕಲ್ಲವೇ?

ಸ್ಕ್ಯಾನ್ ಓದುವುದೂ ಮೂಳೆಯಲ್ಲಿ ಸುಲಭವಲ್ಲ. ರೋಗ ಸತ್ತ ಮೇಲೂ ಮೂಳೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತಿರುತ್ತದೆ, ಎಂಆರ್‌ಐ ಚಿತ್ರ ತಿಂಗಳುಗಟ್ಟಲೆ ಕಲಕಿದಂತೆಯೇ ಇರುತ್ತದೆ. ಬೆರಳೆಣಿಕೆಯ ಜೀವಕೋಶಗಳು ಉಳಿದಿದ್ದರೆ ಯಾವ ಸ್ಕ್ಯಾನಿಗೂ ಸಿಗುವುದಿಲ್ಲ.

ಇಷ್ಟಕ್ಕೂ ವಿಕಿರಣ ಚಿಕಿತ್ಸೆ ಎಷ್ಟು ದಿನದ್ದು? ಸಾಮಾನ್ಯವಾಗಿ 30ರಿಂದ 40 ಗ್ರೇ (ವಿಕಿರಣದ ಅಳತೆ), ದಿನಕ್ಕೆ 2ರಂತೆ 15ರಿಂದ 20 ಸಿಟ್ಟಿಂಗ್. ರೋಗ ತೊಡೆಯಲ್ಲಿದ್ದರೆ ಅಲ್ಲಿ ಗುರುತು ಹಾಕಿ, ದಿನಾ ಕಾಲನ್ನು ಅದೇ ಭಂಗಿಯಲ್ಲಿ ಇರಿಸಿ, ಕೆಲವೇ ನಿಮಿಷ ಕಿರಣ ಬಿಡುತ್ತಾರೆ. ಆಗ ನೋವೇನೂ ಇರುವುದಿಲ್ಲ. ನಿಜವಾದ ಕಷ್ಟ ಹೊರಗಿದೆ: ರಾಯಚೂರು ಕಡೆಯ ಹಳ್ಳಿಯವರು ಬೆಂಗಳೂರಿನಲ್ಲಿ ಸುಮಾರು ಒಂದು ತಿಂಗಳು ರೂಮು ಹಿಡಿದು, ಕೂಲಿ ಬಿಟ್ಟು ಇರಬೇಕು. ಅದು ದೊಡ್ಡ ಹೊರೆಯೇ. ಆದರೆ ಅದಕ್ಕೆ ಪರಿಹಾರ ವಸತಿ ಮತ್ತು ನೆರವು. ಅದನ್ನು ವೈದ್ಯಕೀಯ ಕಾರಣವೆಂಬಂತೆ ಹೇಳಿ ಚಿಕಿತ್ಸೆ ಮೊಟಕು ಮಾಡಬಾರದು.

ಮಕ್ಕಳಾಗಬೇಕೆಂದಿರುವ ಯುವತಿಯ ಸೊಂಟದ ಮೂಳೆಯಲ್ಲಿ ರೋಗವಿದ್ದರೆ ಲೆಕ್ಕ ಬದಲಾಗುತ್ತದೆ, ಅಂಡಾಶಯ ಪಕ್ಕದಲ್ಲೇ ಇರುತ್ತದೆ. ಅಲ್ಲಿ ನಾನು ಹಠ ಹಿಡಿಯುವುದಿಲ್ಲ. ಉಳಿದವರಲ್ಲಿ ನನ್ನ ಕೋರಿಕೆ ಒಂದೇ. ಕೀಮೋ ಶುರುವಾಗುವ ಮೊದಲೇ ರೇಡಿಯೇಷನ್ ತಜ್ಞರನ್ನೂ ಕಾಣಿರಿ, ಆಗ ತೆಗೆದ ಎಂಆರ್‌ಐ ಜೋಪಾನವಾಗಿಡಿ. ಗೆಡ್ಡೆ ಕರಗಿದ ಮೇಲೆ ಕಿರಣ ಎಲ್ಲಿಂದ ಎಲ್ಲಿಯವರೆಗೆ ಬೀಳಬೇಕೆಂದು ಅವರು ಗೆರೆ ಎಳೆಯುವುದು ಆ ಹಳೆಯ ಚಿತ್ರ ನೋಡಿಯೇ.