ಸಹಿ ಹಾಕುವ ಮೊದಲು

ಮುಂಬಯಿಯಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂದಿತೆಂದರೆ ನಮ್ಮ ಸಂಘದಲ್ಲಿ ಒಂದೇ ಚರ್ಚೆ: ಪಾದ್ರಿಗಳ ಹೈಸ್ಕೂಲಿಗೆ ಕಳುಹಿಸುವುದೋ, ಬೇಡವೋ? ಒಬ್ಬರು ಅಲ್ಲಿಯ ಶಿಸ್ತನ್ನೂ ಇಂಗ್ಲಿಷನ್ನೂ ಹೊಗಳುತ್ತಾರೆ. ಇನ್ನೊಬ್ಬರು, “ವಿದ್ಯೆಯೇನೋ ಬಂದೀತು, ಮನೆಯ ದೇವರು ಮರೆತುಹೋದಾನು” ಎಂದು ತಲೆಯಲ್ಲಾಡಿಸುತ್ತಾರೆ.

ಕನ್ನಡಿಗರಿಗೆ ಇಂಥ ಶಾಲೆಗಳು ಹೊಸವಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಪ್ರಚಾರವೇ ಅವರ ಉದ್ದೇಶ, ಅದನ್ನವರು ಮುಚ್ಚಿಡಲಿಲ್ಲ. ಆದರೆ ಅದಕ್ಕಾಗಿ ಕನ್ನಡ ಕಲಿತರು, ಶಾಲೆಗಳನ್ನು ತೆರೆದರು, ಅಚ್ಚುಕೂಟ ನಡೆಸಿದರು. 1843ರ ‘ಮಂಗಳೂರ ಸಮಾಚಾರ’ವೂ 1894ರ ಕಿಟ್ಟೆಲ್ಲರ ನಿಘಂಟೂ ಅವರ ಶ್ರಮದ ಫಲಗಳೇ. ವಿದ್ಯೆಯೂ ಪ್ರಾರ್ಥನೆಯೂ ಒಂದೇ ಸೂರಿನಡಿ ಇರಬೇಕೆಂಬುದು ಅವರ ನಂಬಿಕೆಯಾಗಿತ್ತು.

ಇಂದಿಗೂ ಅನೇಕ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶದ ಪಾಠಕ್ಕೆ ಹೋದರೆ, ಉಳಿದವರಿಗೆ ‘ಮಾರಲ್ ಸೈನ್ಸ್’ ಇರುತ್ತದೆ. ಸತ್ಯ, ಸೇವೆ, ಪರರ ನೋವಿಗೆ ಮರುಗುವುದು ಅಲ್ಲಿಯ ಪಾಠಗಳು. ಗಣಿತದ ತಪ್ಪನ್ನು ಮಾಸ್ತರರ ಕೆಂಪು ಶಾಯಿ ಮರುದಿನವೇ ತೋರಿಸುತ್ತದೆ. ನೀತಿಯ ಪರೀಕ್ಷೆ ಮಾತ್ರ ಬಹಳ ತಡವಾಗಿ ಬರುತ್ತದೆ. ಕಚೇರಿಯ ಮೇಜಿನ ಮೇಲೆ ಯಾರೋ ಕಡತದೊಳಗೆ ಲಕೋಟೆಯಿಟ್ಟು ಸರಿಸಿದ ದಿನ ಅದರ ಪ್ರಶ್ನೆಪತ್ರಿಕೆ ನಮ್ಮ ಕೈಗೆ ಬಂದಂತೆ! ಆ ದಿನಕ್ಕೆ ಸಿದ್ಧಪಡಿಸುವ ಶಾಲೆ ಯಾರದ್ದಾದರೇನು, ಒಳ್ಳೆಯದೇ ಅಲ್ಲವೆ?

ಇನ್ನು ಹೆದರುವವರಿಗೆ ಒಂದು ಮಾತು. ಸರ್ಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ಯಾವ ಶಾಲೆಯೂ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ, ಪೂಜೆ ಪ್ರಾರ್ಥನೆಗಾಗಲಿ ಬಲವಂತಪಡಿಸುವಂತಿಲ್ಲ. ಇದು ನಮ್ಮ ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡ. ಅಂದರೆ ಬೀಗದ ಕೈ ನಮ್ಮಲ್ಲಿಯೇ ಇದೆ. ಓದದೆ ಸಹಿ ಹಾಕಬಾರದೆಂಬುದು ಗುಮಾಸ್ತನಿಗೆ ಮೊದಲ ಪಾಠ. ತಂದೆತಾಯಿಗಳಿಗೂ ಅದೇ ಇರಲಿ. ಪ್ರಾರ್ಥನೆ ಯಾವುದು, ನೀತಿಪಾಠದಲ್ಲಿ ಏನು ಹೇಳಿಕೊಡುತ್ತಾರೆ ಎಂದು ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿರಿ. ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ.

ಆದರೆ ಸಹಿಯಿಂದಲೇ ನಮ್ಮ ಹೊಣೆ ತೀರುವುದಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆ ಮನೆಮಂದಿಯೆಲ್ಲ ಕೂಡಿ ಜಪಸರ ಹೇಳುವ ಪದ್ಧತಿಯುಂಟು. ಮಗು ತಮ್ಮದೇ ಧರ್ಮದ ಶಾಲೆಯಲ್ಲಿ ಓದುತ್ತಿದ್ದರೂ ದೇವರ ಪಾಠವನ್ನು ಅವರು ಪೂರ್ತಿಯಾಗಿ ಶಾಲೆಗೇ ಒಪ್ಪಿಸಿಬಿಡಲಿಲ್ಲ. ನಾವಾದರೋ ಲೋಕಲ್ ರೈಲಿನಿಂದಿಳಿದು ಮನೆ ಸೇರುವುದೇ ತಡ, ಮೊಬೈಲನ್ನೋ ಟೀವಿಯನ್ನೋ ಹಿಡಿದು ಕೂಡುತ್ತೇವೆ. ಮಗು ನಮ್ಮದನ್ನು ಮರೆತೀತೆಂದು ದೂರು ಮಾತ್ರ ಶಾಲೆಯ ಮೇಲೆ! ನಾವು ಹೇಳಿಕೊಡದೆ ಇದ್ದದ್ದನ್ನು ಮಗು ಮರೆಯುವುದಾದರೂ ಹೇಗೆ?

ಹತ್ತು ನಿಮಿಷ ಸಾಕು. ದೀಪ ಹಚ್ಚಿ ಒಂದು ವಚನವೋ, ದಾಸರ ಪದವೋ ಮಗುವಿನ ಜೊತೆ ಕೂತು ಹೇಳಿ, ಅರ್ಥವನ್ನು ಕನ್ನಡದಲ್ಲಿಯೇ ವಿವರಿಸಿರಿ. ಶಾಲೆಯ ನೀತಿಪಾಠಕ್ಕೂ ಅದಕ್ಕೂ ಜಗಳವೇನೂ ಬಾರದು. ಬಂದರೂ ಮಗು ಮೊದಲು ನಿಮ್ಮ ಬಳಿಗೇ ಓಡಿ ಬಂದು ಕೇಳೀತು. ಅದಕ್ಕಿಂತ ಬೇರೆ ಲಾಭ ಬೇಕೆ?