ಆಧಾರ ಗಾರೆಯಲ್ಲ, ಗೋಡೆ

ಜಾನ್ ಸಲ್ಲಿವನ್ 1822ರಲ್ಲಿ ಉದಕಮಂಡಲದಲ್ಲಿ ಕಟ್ಟಿಸತೊಡಗಿದ ಕಲ್ಲಿನ ಮನೆಯನ್ನು ಅಲ್ಲಿಯ ಜನರು ‘ಕಲ್ ಬಂಗಲೆ’ ಎಂದು ಕರೆದರು. ಅನಂತರ ನೀಲಗಿರಿಯಲ್ಲಿ ತಲೆಯೆತ್ತಿದ ಬಂಗಲೆಗಳಲ್ಲಿ ಚಳಿಯ ಕಾರಣದಿಂದ ಅಗ್ಗಿಷ್ಟಿಕೆಗಳೂ ಮೂಡಿದವು. ಅಗ್ಗಿಷ್ಟಿಕೆಯ ಸುತ್ತ ಕೂರಿಸುವ ಮರದ ಚೌಕಟ್ಟು ಕೋಣೆಗೆ ಶೋಭೆಯೇ ಹೌದು. ಆದರೆ ಅದು ಭಾರವಾದುದು. ಅದರ ಮೇಲ್ಹಲಗೆಯನ್ನು ಹಿಡಿದು ಮಕ್ಕಳು ಜೋತುಬೀಳುವುದೂ ಉಂಟು.

ಗಾರೆಯು ಬರಿಯ ಹೊದಿಕೆ. ಭಾರ ಹೊರುವುದು ಅದರ ಹಿಂದಿನ ಇಟ್ಟಿಗೆ ಅಥವಾ ಕಲ್ಲು. ಆದುದರಿಂದ ಅನುಭವಿ ಬಡಗಿಯು ಮೊದಲು ಗೋಡೆಯನ್ನು ತಟ್ಟಿ ನೋಡುತ್ತಾನೆ. ಟೊಳ್ಳು ಸದ್ದು ಬಂದೆಡೆ ಗಾರೆಯು ಗೋಡೆಯನ್ನು ಬಿಟ್ಟಿದೆ ಎಂದರ್ಥ. ಅಲ್ಲಿ ಸ್ಕ್ರೂ ನಿಲ್ಲದು. ಗಟ್ಟಿಯಾದೆಡೆ ಗಾರೆಯನ್ನು ದಾಟಿ ಇಟ್ಟಿಗೆಯೊಳಕ್ಕೆ ರಂಧ್ರ ಕೊರೆದು, ಧೂಳು ತೆಗೆದು, ಪ್ಲಗ್ ಕೂರಿಸಿ, ಮರದ ಪಟ್ಟಿಯೊಂದನ್ನು ಸ್ಕ್ರೂಗಳಿಂದ ಬಿಗಿಯುತ್ತಾನೆ. ಮಟ್ಟ ನೋಡಿದ ಬಳಿಕವೇ ಚೌಕಟ್ಟನ್ನು ಆ ಪಟ್ಟಿಗೆ ಜೋಡಿಸುತ್ತಾನೆ. ಗೋಡೆ ಏರುಪೇರಾಗಿದ್ದರೆ ಮರದ ಅಂಚನ್ನು ಕೀಸಿ ಹೊಂದಿಸಬೇಕು. ಬಲವಂತದಿಂದ ಬಿಗಿದರೆ ಮರ ಸೀಳುತ್ತದೆ.

ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುವುದಾದರೆ ಅದರ ಬಾಯಿಗೂ ಮರಕ್ಕೂ ನಡುವೆ ಕಲ್ಲಿನ ಅಥವಾ ಇಟ್ಟಿಗೆಯ ಅಂತರವಿರಲೇಬೇಕು. ದಿನವೂ ಕಾಯುವ ಮರ ಒಣಗಿ ಒಣಗಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಉರಿಯುವಾಗ ಮರವನ್ನು ಮುಟ್ಟಿದ ಕೈ ಚುರುಗುಟ್ಟಿದರೆ, ಕೆತ್ತನೆ ಎಷ್ಟೇ ಚೆಲುವಾಗಿರಲಿ, ಬೆಂಕಿಯನ್ನು ಆರಿಸಿ ಚೌಕಟ್ಟನ್ನು ದೂರ ಸರಿಸುವುದೇ ಲೇಸು.