ಟ್ಯಾಂಕ್ ಹತ್ತಿದವನ ಪ್ರೇಮಕಥೆ

ರಾಮದೇವರ ಬೆಟ್ಟ ನೋಡಲು ಬಂದವರಿಗೆ ನಮ್ಮ ರಾಮನಗರದವರು ಇವತ್ತಿಗೂ ಕೈತೋರಿಸಿ ಹೇಳುತ್ತಾರೆ: 'ಶೋಲೆ ತೆಗೆದದ್ದು ಇಲ್ಲೇ, ಧರ್ಮೇಂದ್ರ-ಹೇಮಾಮಾಲಿನಿ ಪ್ರೀತಿ ಬೆಳೆದದ್ದೂ ಇಲ್ಲೇ.' 1973ರಲ್ಲಿ ಚಿತ್ರೀಕರಣ ಶುರುವಾಯಿತು, 1975ರ ಆಗಸ್ಟ್ 15ರಂದು ಚಿತ್ರ ಬಂತು, 1980ರಲ್ಲಿ ಅವರ ಮದುವೆಯಾಯಿತು. ಕಥೆ ಹೇಳುವವರು ಅಲ್ಲಿಗೆ ನಿಲ್ಲಿಸುತ್ತಾರೆ. 1954ರಲ್ಲೇ ಧರ್ಮೇಂದ್ರರ ಕೈಹಿಡಿದ ಪ್ರಕಾಶ್ ಕೌರ್, ಅವರ ನಾಲ್ಕು ಮಕ್ಕಳ ತಾಯಿ, ವಿಚ್ಛೇದನವಿಲ್ಲದೆ ಹೆಂಡತಿಯಾಗಿಯೇ ಉಳಿದವರು. ಅವರ ಹೆಸರು ಬೆಟ್ಟದ ಯಾವ ಬಂಡೆಯ ಬಳಿಯೂ ಕೇಳಿಬರುವುದಿಲ್ಲ.

ತಾರೆಯರ ಮನೆಯ ವಿಚಾರಣೆಗೆ ನಾನು ಕೂತಿಲ್ಲ. ಧರ್ಮೇಂದ್ರ 2025ರ ನವೆಂಬರಿನಲ್ಲಿ ತೀರಿಕೊಂಡರು. ನನ್ನ ಜಗಳವಿರುವುದು ಈ ಕಥೆಯನ್ನು ನಮ್ಮ ಹೆಣ್ಣುಮಕ್ಕಳ ಮೇಲೆ ಬೀಸುವವರ ಜೊತೆ.

ಹೋದ ವರ್ಷ ರೇಷ್ಮೆ ನೂಲು ತೆಗೆಯುವ ಹೆಣ್ಣುಮಗಳೊಬ್ಬಳು ನನ್ನ ಬಳಿ ಬಂದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ಅವಳ ಬೆರಳ ತುದಿ ಬೆಳ್ಳಗೆ ಸುಲಿದಿತ್ತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳಲು ಹೊರಟಿದ್ದ. 'ನನ್ನ ಅಭ್ಯಂತರವಿಲ್ಲ' ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕು, ಇಲ್ಲದಿದ್ದರೆ ವಿಷ ಕುಡಿಯುತ್ತೇನೆ ಎಂದು ಬಾಟಲಿ ಹಿಡಿದು ಕೂತಿದ್ದನಂತೆ. ನ್ಯಾಯ ಹೇಳಲು ಬಂದ ಹಿರಿಯರೊಬ್ಬರ ಮಾತು ಕೇಳಿ: 'ಧರ್ಮೇಂದ್ರ ಇಬ್ರನ್ನೂ ನೋಡ್ಕೊಳ್ಲಿಲ್ವೇನವ್ವ? ಅವನ ಮೊದಲ್ನೇ ಎಂಡ್ತಿ ಒಂದಿನಾನಾದ್ರೂ ಬಾಯ್ಬಿಟ್ಟೌಳಾ?'

ಬಾಯಿ ಬಿಡದಿರುವುದೇ ಹೆಂಡತಿಯ ಯೋಗ್ಯತೆ!

ಶೋಲೆಯಲ್ಲಿ ವೀರು ಕುಡಿದು ನೀರಿನ ಟ್ಯಾಂಕ್ ಹತ್ತಿ, ಬಸಂತಿಯನ್ನು ಕೊಡದಿದ್ದರೆ ಹಾರಿ ಸಾಯುತ್ತೇನೆಂದು ಕೂಗುತ್ತಾನೆ. ಅವಳ ಮೌಸಿ ಗಾಬರಿಯಾಗಿ ಒಪ್ಪುತ್ತಾಳೆ. 50 ವರ್ಷದಿಂದ ಜನ ನಗುತ್ತಿದ್ದಾರೆ, ನಾನೂ ನಕ್ಕವಳೇ. ಅದೇ ಬೆದರಿಕೆ ಅಡುಗೆಮನೆಯೊಳಕ್ಕೆ ಬಂದಾಗ ಯಾರಿಗೆ ನಗು ಬರುತ್ತದೆ? ಸಾವಿನ ಭಾರವನ್ನು ಹೆಂಡತಿಯ ತಲೆಗೆ ಕಟ್ಟಿ ಒಪ್ಪಿಗೆ ಕೀಳುವುದು ಹಿಂಸೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಕರೆಯುತ್ತದೆ.

ಅಕ್ಕಂದಿರೇ, ಆ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಂತೆ, ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನವಾಗಿರದಿದ್ದರೆ ಎರಡನೆಯದು ಮದುವೆಯೇ ಅಲ್ಲ, ಅವಳು ನೂರು ಸಹಿ ಹಾಕಿದರೂ ಅಲ್ಲ. ಶಿಕ್ಷೆ ಏಳು ವರ್ಷದವರೆಗೆ: ಹಿಂದೆ ದಂಡ ಸಂಹಿತೆಯ 494ನೇ ಕಲಂ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ. ಆದರೆ ನೊಂದವಳೋ, ಅವಳ ಪರವಾಗಿ ಹತ್ತಿರದ ಸಂಬಂಧಿಕರೋ ದೂರು ಕೊಡದೆ ನ್ಯಾಯಾಲಯ ವಿಚಾರಣೆಗೆ ಕೈಹಾಕುವುದಿಲ್ಲ. ಸಹಿಗೆ ಇಷ್ಟು ಆತುರ ಯಾಕೆಂದು ಈಗ ತಿಳಿಯಿತೇ? ಇನ್ನೊಬ್ಬಳನ್ನು ಕಟ್ಟಿಕೊಂಡವನಿಂದ ಬೇರೆ ವಾಸವಿದ್ದು ಜೀವನಾಂಶ ಕೇಳುವ ಹಕ್ಕನ್ನು 1956ರ ಕಾಯ್ದೆಯೇ ಕೊಟ್ಟಿದೆ.

ಎರಡನೆಯವಳನ್ನು ಬೈದು ಮುಗಿಸುವುದು ಸುಲಭ. ನಮ್ಮ ಸಂಘದ ಸಭೆಗಳಲ್ಲೂ ಹಾಗೆಯೇ ಆಗುತ್ತದೆ. ಹೇಮಾಮಾಲಿನಿಗೆ ಮದುವೆಗೆ ಮುಂಚೆಯೇ ಸ್ವಂತ ದುಡಿಮೆ, ಸ್ವಂತ ಹೆಸರು ಇತ್ತು. ಆಮೇಲೂ ನಟಿಸಿದರು, ನಾಟ್ಯವಾಡಿದರು, 2014ರಲ್ಲಿ ಮಥುರಾದಿಂದ ಲೋಕಸಭೆಗೆ ಹೋದರು. ಚನ್ನಪಟ್ಟಣದಲ್ಲಿ ದಿನಗೂಲಿಗೆ ಗೊಂಬೆಗೆ ಬಣ್ಣ ಹಚ್ಚುವವಳು 'ಚಿಕ್ಕ ಹೆಂಡತಿ'ಯಾದರೆ ಅವಳಿಗೇನಿದೆ? ಅಂಥವಳು ಜೀವನಾಂಶ ಕೇಳಬಲ್ಲ ಹೆಂಡತಿಯಲ್ಲ ಎಂದು 2005ರಲ್ಲಿ ಸವಿತಾಬೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸ ಮಾಡಿದವನು ಕೊಡಲೇಬೇಕೆಂದು 2013ರ ಬಾದ್‌ಶಾ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಗೊತ್ತಿದ್ದೂ ಹೋದವಳು, ಬಡತನಕ್ಕೋ ವರದಕ್ಷಿಣೆ ಕೊಡಲಾಗದ್ದಕ್ಕೋ ದಬ್ಬಿಸಿಕೊಂಡು ಹೋದವಳು ಏನು ಮಾಡಬೇಕು? ಅವಳ ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕುಂಟು. ಅವಳು ಮಾತ್ರ ಬೀದಿಯಲ್ಲಿ.

ನೂಲು ತೆಗೆಯುವ ಆ ಹೆಣ್ಣುಮಗಳು ಸಹಿ ಹಾಕಲಿಲ್ಲ. ಖಾಲಿ ಛಾಪಾ ಕಾಗದ ಈಗ ವಕೀಲರ ಫೈಲಿನಲ್ಲಿದೆ. ಮುಂದಿನ ತಿಂಗಳು ಕೇಸು ಕೂಗುವ ದಿನ ಅವಳ ಜೊತೆ ನಾನು ಹೋಗುತ್ತಿದ್ದೇನೆ. ಕನಕಪುರ, ಮಾಗಡಿ ಕಡೆಯಿಂದ ಬೆಳಗಿನ ಬಸ್ಸಿಗೆ ಹೊರಟರೆ ಹೊತ್ತಿಗೆ ಸರಿಯಾಗಿ ತಲುಪಬಹುದು. ಬಿಡುವಿದ್ದವರು ಬನ್ನಿ, ಅವಳ ಕಡೆಯ ಬೆಂಚು ಖಾಲಿ ಇರಬಾರದು.